ಹಿಮದ ನೀರಿಗೆ ಹಾರೋ ಮುಂಚೆ ಕಾಯೋದು ಕಲಿ: ಚೆಸಪೀಕ್ ಕೊಲ್ಲಿಯ ಬೇಟೆನಾಯಿಗಳ ಕಥೆ



ನಿಮ್ಮ ಅಪಾರ್ಟ್‌ಮೆಂಟಲ್ಲೋ ಪಕ್ಕದ ಬೀದಿಯಲ್ಲೋ ಒಂದಾದ್ರೂ ಲ್ಯಾಬ್ರಡಾರ್ ಇದ್ದೇ ಇರುತ್ತೆ. ಚೆಂಡು ಎಸೆದ್ರೆ ಓಡಿಹೋಗಿ ಬಾಯಲ್ಲಿ ಕಚ್ಚಿಕೊಂಡು ಬರುತ್ತೆ. ನೀರು ಕಂಡ್ರೆ ಹಾರಿಬಿಡುತ್ತೆ. ಈ ಬುದ್ಧಿ ಅದಕ್ಕೆ ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಇವತ್ತು ನಾವು ಹೇಳ್ತಿರೋದು ಲ್ಯಾಬ್ರಡಾರ್‌ನ ದಾಯಾದಿಯೊಂದರ ಕಥೆ. ಹೆಸರು ಚೆಸಪೀಕ್ ಬೇ ರಿಟ್ರೀವರ್. ಊರು ಅಮೆರಿಕದ ಪೂರ್ವ ಕರಾವಳಿ. ಕಾಲ, ಮೈ ಕೊರೆಯೋ ಚಳಿಗಾಲ.

ಮೊದಲು ಒಂದು ಸಣ್ಣ ವಿವರಣೆ. ಹಕ್ಕಿ ಬೇಟೆಗೆ ಬಳಸೋ ನಾಯಿಗಳಲ್ಲಿ ಹಲವು ಬಗೆ. ಹಕ್ಕಿ ಎಲ್ಲಿ ಅಡಗಿದೆ ಅಂತ ವಾಸನೆ ಹಿಡಿದು, ಅಲ್ಲೇ ಕಲ್ಲಿನ ಹಾಗೆ ನಿಂತು ತೋರಿಸೋದು ಪಾಯಿಂಟರ್. ಗುಂಡೇಟಿಗೆ ಬಿದ್ದ ಹಕ್ಕಿಯನ್ನ ಹುಡುಕಿ ತಂದುಕೊಡೋದು ರಿಟ್ರೀವರ್. ನಮ್ಮ ಕಥೆಯ ನಾಯಿ ಎರಡನೇ ಬಗೆಯದು.

ಕಥೆ ಶುರುವಾಗೋದು 1807ರಲ್ಲಿ. ನ್ಯೂಫೌಂಡ್‌ಲ್ಯಾಂಡ್‌ನಿಂದ ಕಾಡ್ ಅನ್ನೋ ಜಾತಿಯ ಮೀನು ತುಂಬಿಕೊಂಡು ಇಂಗ್ಲೆಂಡಿಗೆ ಹೊರಟಿದ್ದ ಹಡಗೊಂದು ಬಿರುಗಾಳಿಗೆ ಸಿಕ್ಕಿ ಮುಳುಗ್ತಾ ಇತ್ತು. ‘ಕ್ಯಾಂಟನ್’ ಅನ್ನೋ ಇನ್ನೊಂದು ಹಡಗು ಅದರಲ್ಲಿದ್ದವರನ್ನ ಕಾಪಾಡಿತು. ಜೊತೆಗೆ ಎರಡು ನಾಯಿಮರಿಗಳನ್ನೂ. ಕ್ಯಾಂಟನ್‌ನಲ್ಲಿದ್ದ ಜಾರ್ಜ್ ಲಾ ಅನ್ನೋರು ಮರಿಗೆ ಒಂದೊಂದು ಗಿನಿಯಂತೆ ಕೊಟ್ಟು ಎರಡನ್ನೂ ಕೊಂಡುಕೊಂಡ್ರು. ಮಾಸಲು ಕೆಂಪು ಬಣ್ಣದ ಗಂಡಿಗೆ ‘ಸೇಲರ್’ ಅಂತ ಹೆಸರಾಯ್ತು. ಕಪ್ಪು ಬಣ್ಣದ ಹೆಣ್ಣಿಗೆ, ಕಾಪಾಡಿದ ಹಡಗಿನ ಹೆಸರೇ, ‘ಕ್ಯಾಂಟನ್’. ಇದನ್ನೆಲ್ಲ ಲಾ ಅವರೇ 1845ರಲ್ಲಿ ಬರೆದ ಪತ್ರವೊಂದರಲ್ಲಿ ಹೇಳಿದ್ದಾರೆ.

ನ್ಯೂಫೌಂಡ್‌ಲ್ಯಾಂಡ್‌ನ ಮೀನುಗಾರರ ದೋಣಿಗಳಲ್ಲಿ ಇಂಥ ನಾಯಿಗಳು ಕೆಲಸಗಾರರ ಹಾಗೇ ಇರ್ತಿದ್ವು. ನೀರಿಗೆ ಬಿದ್ದ ಹಗ್ಗ ತರೋದು, ಬಲೆಯಿಂದ ತಪ್ಪಿಸಿಕೊಂಡ ಮೀನು ಹಿಡಿಯೋದು. ಇವತ್ತಿನ ಲ್ಯಾಬ್ರಡಾರ್‌ನ ಮೂಲವೂ ಅಲ್ಲಿ ನೀರಲ್ಲಿ ಕೆಲಸ ಮಾಡ್ತಿದ್ದ ನಾಯಿಗಳೇ. ಅದಕ್ಕೇ ದಾಯಾದಿ ಅಂದಿದ್ದು.

ಸೇಲರ್ ಮತ್ತು ಕ್ಯಾಂಟನ್ ಬಂದು ಸೇರಿದ್ದು ಮೇರಿಲ್ಯಾಂಡ್ ರಾಜ್ಯಕ್ಕೆ, ಚೆಸಪೀಕ್ ಕೊಲ್ಲಿಯ ದಡಕ್ಕೆ. ಎರಡೂ ಬೇರೆ ಬೇರೆ ಮನೆ ಸೇರಿದ್ವು. ಸೇಲರ್ ಕೊನೆಗೆ ಕೊಲ್ಲಿಯ ಪೂರ್ವ ದಡಕ್ಕೆ ಹೋಯ್ತು, ಕ್ಯಾಂಟನ್ ಪಶ್ಚಿಮದಲ್ಲೇ ಉಳೀತು. ಎರಡೂ ಅಲ್ಲಿನ ಸ್ಥಳೀಯ ನಾಯಿಗಳ ಜೊತೆ ಬೆರೆತವು. ಎಪ್ಪತ್ತು ವರ್ಷ ಆದ್ಮೇಲೆ, 1877ರಲ್ಲಿ, ಬಾಲ್ಟಿಮೋರ್‌ನ ಪ್ರದರ್ಶನವೊಂದಕ್ಕೆ ಎರಡೂ ದಡದವರು ತಮ್ಮ ನಾಯಿಗಳನ್ನ ತಂದ್ರು. ನೋಡಿದ್ರೆ ಎಲ್ಲ ಒಂದೇ ಥರ! ಒಂದೇ ತಳಿ ಅಂತ ಅವತ್ತು ಒಪ್ಪಿಕೊಂಡ್ರು.

ಅದು ಹೇಗೆ ಸಾಧ್ಯ ಆಯ್ತು? ಎರಡೂ ದಡದಲ್ಲಿ ಚಳಿ ಒಂದೇ, ಕೆಲಸ ಒಂದೇ. ಅದಕ್ಕೆ ತಕ್ಕ ನಾಯಿಯನ್ನೇ ಜನ ಉಳಿಸಿಕೊಂಡು ಬೆಳೆಸಿದ್ರು. ಇದರ ಮೈಮೇಲೆ ಎರಡು ಪದರ ಕೂದಲು. ಒಳಗೆ ಉಣ್ಣೆ ಥರ ದಟ್ಟ, ಹೊರಗೆ ಗಿಡ್ಡ, ಒರಟು, ಎಣ್ಣೆಯಂಶ ಇರೋದು. ನೀರು ಚರ್ಮಕ್ಕೆ ಸುಲಭವಾಗಿ ಇಳಿಯಲ್ಲ. ಒಂದು ಸಲ ಜೋರಾಗಿ ಮೈ ಕೊಡವಿದ್ರೆ ಅರ್ಧ ಒಣಗಿದ ಹಾಗೆ. ಬಣ್ಣವೋ, ಚಳಿಗಾಲದಲ್ಲಿ ಒಣಗಿ ನಿಂತ ಜೌಗುಹುಲ್ಲಿನದೇ. ಹುಲ್ಲಿನ ಮಧ್ಯೆ ಕೂತ್ರೆ ಕಾಣ್ತಾನೇ ಇರಲಿಲ್ಲ.

ಇನ್ನು ಎಳೆ ನಾಯಿಯ ಮೊದಲ ಚಳಿಗಾಲದ ವಿಷಯಕ್ಕೆ ಬರೋಣ. ತಳಿ ಒಳ್ಳೇದು ಅಂತ ಮರಿಯನ್ನ ಸೀದಾ ಮಂಜುಗಡ್ಡೆ ತೇಲೋ ನೀರಿಗೆ ಇಳಿಸಿದ್ರೆ ಕಥೆ ಅಲ್ಲಿಗೇ ಮುಗೀತು. ಒಂದ್ಸಲ ಹೆದರಿದ ಮರಿ ಮತ್ತೆ ನೀರಿಗೆ ಇಳಿಯೋಕೆ ಹಿಂಜರಿಯುತ್ತೆ. ನೀರು ಗಾಳಿಗಿಂತ ಬಹಳ ಬೇಗ ಮೈ ಶಾಖ ಎಳೆದುಕೊಳ್ಳುತ್ತೆ. ಬೆಳೆಯೋ ಮೈಯಲ್ಲಿ ಕೊಬ್ಬು ಕಡಿಮೆ, ಹುಮ್ಮಸ್ಸು ಜಾಸ್ತಿ. ನಡುಗ್ತಾ ಇದ್ರೂ ಇನ್ನೊಂದು ಸಲ ಕಳಿಸು ಅಂತ ಮುಖ ನೋಡುತ್ತೆ. ಸಾಕು ಅನ್ನಬೇಕಾದವನು ಮನುಷ್ಯನೇ.

ಹಾಗಾಗಿ ತಿಳಿದವರು ಬೇಸಿಗೆಯಲ್ಲೇ, ಮೊಣಕಾಲುದ್ದದ ಬೆಚ್ಚಗಿನ ನೀರಲ್ಲಿ, ಕೋಲು ಅಥವಾ ಬಟ್ಟೆಯ ಗಂಟು ಎಸೆದು ಪಾಠ ಶುರು ಮಾಡ್ತಾರೆ. ಆಮೇಲೆ ಗುಂಡಿನ ಸದ್ದು ಅಭ್ಯಾಸ ಮಾಡಿಸೋದು, ಮೊದಲು ದೂರದಿಂದ, ನಿಧಾನಕ್ಕೆ ಹತ್ತಿರದಿಂದ. ಬಾಯಿ ಮೆತ್ತಗಿರಬೇಕು, ಹಕ್ಕಿಯನ್ನ ಜಗಿಯಬಾರದು. ಇಷ್ಟೆಲ್ಲ ಆದ್ಮೇಲೆ ಅತಿ ಕಷ್ಟದ ಪಾಠ ಒಂದಿದೆ: ಕಾಯೋದು. ಕಣ್ಣೆದುರೇ ಹಕ್ಕಿ ಬಿದ್ರೂ ‘ಹೋಗು’ ಅನ್ನೋವರೆಗೆ ಕದಲಬಾರದು. ಮೊದಲೇ ಹಾರಿದ್ರೆ ದೋಣಿ ಮಗುಚಬಹುದು, ಗುಂಡಿಗೆ ಅಡ್ಡ ಬರಬಹುದು, ತೆಳು ಮಂಜುಗಡ್ಡೆ ಒಡೆದು ಅದರಡಿ ಸಿಕ್ಕಿಹಾಕಿಕೊಳ್ಳಬಹುದು. ಕಾಯೋದು ಕಲಿಯದ ನಾಯಿ ಎಷ್ಟೇ ಚೆನ್ನಾಗಿ ಈಜಿದ್ರೂ ಪ್ರಯೋಜನ ಇಲ್ಲ.

ಆದರೆ ಕಾಯೋದು ಕಲಿತಿದ್ದು ನಾಯಿ ಮಾತ್ರ. ಯಜಮಾನರು?

ಕೆನಡಾ ಮತ್ತು ಉತ್ತರ ಅಮೆರಿಕದ ಹುಲ್ಲುಗಾವಲಲ್ಲಿ ಮರಿ ಮಾಡೋ ಕ್ಯಾನ್ವಾಸ್‌ಬ್ಯಾಕ್ ಅನ್ನೋ ಕಾಡುಬಾತು ಚಳಿಗಾಲಕ್ಕೆ ಚೆಸಪೀಕ್‌ಗೆ ಇಳೀತಿತ್ತು. ಕೊಲ್ಲಿಯ ತಳದಲ್ಲಿ ಬೆಳೆಯೋ ವೈಲ್ಡ್ ಸೆಲೆರಿ ಅನ್ನೋ ನೀರುಹುಲ್ಲು ಅದಕ್ಕೆ ಪ್ರಾಣ. ಈ ಬಾತಿನ ವೈಜ್ಞಾನಿಕ ಹೆಸರೂ ಆ ಹುಲ್ಲಿನಿಂದಲೇ ಬಂದಿದ್ದು. ಅದನ್ನ ತಿಂದ ಬಾತಿನ ಮಾಂಸ ಬಹಳ ರುಚಿ ಅಂತ 19ನೇ ಶತಮಾನದಲ್ಲಿ ದೊಡ್ಡ ಹೋಟೆಲುಗಳಲ್ಲಿ ಭಾರಿ ಬೇಡಿಕೆ. ರೈಲು ಬಂದ್ಮೇಲೆ ದೂರದ ನಗರಗಳಿಗೂ ಸರಕು ಹೋಗತೊಡಗಿತು.

ದಡದ ಬಡ ಮೀನುಗಾರರಿಗೆ ಚಳಿಗಾಲದಲ್ಲಿ ಇದು ಒಳ್ಳೇ ಸಂಪಾದನೆ. ಆದ್ರೆ ಬೇಟೆಯ ರೀತಿ ನೋಡಿ. ದೋಣಿಗೆ ಕಟ್ಟಿದ, 45 ಕಿಲೋ ತೂಗೋ ಕೋವಿಗಳೂ ಇದ್ವು. ರಾತ್ರಿ ದೀಪ ಹಿಡಿದು, ನೀರ ಮೇಲೆ ಮಲಗಿದ್ದ ಹಿಂಡಿನ ಮೇಲೆ ಹಾರಿಸಿದ್ರೆ ಒಂದೇ ಏಟಿಗೆ ಹತ್ತಾರು ಬಾತು. ಹಗಲಲ್ಲಿ ‘ಸಿಂಕ್‌ಬಾಕ್ಸ್’. ನೀರಿನ ಮಟ್ಟಕ್ಕೆ ಮುಳುಗಿಸಿದ ಶವಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ ಬೇಟೆಗಾರ ಮಲಗೋದು, ಸುತ್ತ ಮರದ ನಕಲಿ ಬಾತುಗಳನ್ನ ತೇಲಿಬಿಡೋದು. ಬಿದ್ದಿದ್ದನ್ನೆಲ್ಲ ತರೋಕೆ, ನಮ್ಮ ನಾಯಿಗಳು.

ಹಕ್ಕಿಗಳು ಎಷ್ಟಿದ್ರೂ ಮುಗಿಯಲ್ಲ ಅನ್ನೋ ನಂಬಿಕೆ ಅಮೆರಿಕದ ತುಂಬ ಇತ್ತು. ಆಕಾಶವನ್ನೇ ಮುಚ್ಚುವಷ್ಟು ಇದ್ದ ಪ್ಯಾಸೆಂಜರ್ ಪಾರಿವಾಳದ ಕೊನೇ ಹಕ್ಕಿ, ‘ಮಾರ್ತಾ’, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. 1916ರಲ್ಲಿ ಅಮೆರಿಕ, ಕೆನಡಾದ ಪರವಾಗಿ ಬ್ರಿಟನ್ ಜೊತೆ ಒಪ್ಪಂದ ಮಾಡಿಕೊಳ್ತು. 1918ರಲ್ಲಿ ವಲಸೆ ಹಕ್ಕಿಗಳ ಕಾಯ್ದೆ ಬಂತು. ಕಾಡುಬಾತು ಹೊಡೆದು ಮಾರೋದು ಅಪರಾಧ ಆಯ್ತು. ಸಿಂಕ್‌ಬಾಕ್ಸ್ ನಿಷೇಧ ಆಗಿದ್ದು 1935ರಲ್ಲಿ. ಬಾತಿನ ಮೇಲೇ ಚಳಿಗಾಲ ಕಳೀತಿದ್ದ ಕುಟುಂಬಗಳಿಗೆ ಇದು ಹೊಟ್ಟೆಪಾಡಿನ ಪೆಟ್ಟು, ಅದನ್ನೂ ಮರೀಬಾರದು. ಆದ್ರೆ ಕಾನೂನು ಬರದಿದ್ರೆ ಮುಂದೆ ಹಿಡಿಯೋಕೆ ಬಾತೇ ಇರ್ತಿತ್ತೋ ಇಲ್ವೋ.

ಮಾರುಕಟ್ಟೆ ಹೋಯ್ತು, ನಾಯಿ ಉಳೀತು. ಅದೇ 1918ರಲ್ಲಿ ಈ ತಳಿಯನ್ನ ಕಾಪಾಡೋಕೆ ಅಮೆರಿಕನ್ ಚೆಸಪೀಕ್ ಕ್ಲಬ್ ಶುರುವಾಯ್ತು. ಕೆಲಸದ ಅರ್ಥವೂ ಬದಲಾಯ್ತು. ದಿನಕ್ಕೆ ಇಷ್ಟೇ ಹಕ್ಕಿ ಅಂತ ಮಿತಿ ಇರೋವಾಗ, ಹೊಡೆದ ಹಕ್ಕಿ ಹುಲ್ಲಲ್ಲಿ ಕಳೆದುಹೋದ್ರೆ ಅದು ವ್ಯರ್ಥ ಸಾವು. ಗಾಯಗೊಂಡ ಹಕ್ಕಿಯನ್ನ ಹುಡುಕಿ ತರೋ ನಾಯಿ ಆ ನಷ್ಟ ತಪ್ಪಿಸುತ್ತೆ. 1934ರಿಂದ ಅಮೆರಿಕದಲ್ಲಿ ಬಾತು ಬೇಟೆಗಾರರು ವರ್ಷಕ್ಕೊಂದು ವಿಶೇಷ ಸ್ಟಾಂಪ್ ಕೊಳ್ಳಬೇಕು, ಆ ಹಣ ಜೌಗುಪ್ರದೇಶ ಉಳಿಸೋಕೆ ಹೋಗುತ್ತೆ. 1959ರ ಸ್ಟಾಂಪ್ ಮೇಲೆ ಬಾತು ಹಿಡಿದ ಒಂದು ನಾಯಿಯ ಚಿತ್ರ ಇದೆ. ಹೆಸರು ಕಿಂಗ್ ಬಕ್, ಲ್ಯಾಬ್ರಡಾರ್. ಜೊತೆಗೆ, ರಿಟ್ರೀವರ್‌ಗಳು ಬೇಟೆಯನ್ನ ಉಳಿಸುತ್ತವೆ ಅನ್ನೋ ಅರ್ಥದ ಸಾಲು. 1964ರಲ್ಲಿ ಚೆಸಪೀಕ್ ರಿಟ್ರೀವರ್ ಮೇರಿಲ್ಯಾಂಡ್‌ನ ಅಧಿಕೃತ ನಾಯಿ ಆಯ್ತು.

ನಮ್ಮಲ್ಲಿ ವಲಸೆ ಹಕ್ಕಿಗಳನ್ನ ಬೇಟೆ ಆಡೋದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ನಿಮ್ಮ ಲ್ಯಾಬ್‌ಗೆ ಚೆಂಡೇ ಸಾಕು. ಆದ್ರೆ ಮುಂದಿನ ಸಲ ಎಸೆಯೋವಾಗ ಒಂದು ಪ್ರಯೋಗ ಮಾಡಿ. ಎಸೆದು, ‘ಕೂತ್ಕೋ’ ಅನ್ನಿ. ಮೈಯೆಲ್ಲ ನಡುಗುತ್ತೆ, ಕಣ್ಣು ಚೆಂಡಿನ ಮೇಲೇ ಇರುತ್ತೆ. ಆ ಒಂದು ಕ್ಷಣ ತಡೆದು ಕೂರೋದನ್ನ ಎಳೆ ನಾಯಿ ಒಂದೆರಡು ವರ್ಷದಲ್ಲಿ ಕಲಿಯುತ್ತೆ. ಚೆಸಪೀಕ್‌ನ ಮನುಷ್ಯರಿಗೆ, ಸೇಲರ್ ಮತ್ತು ಕ್ಯಾಂಟನ್ ಬಂದ ಮೇಲೆ, ನೂರಹನ್ನೊಂದು ವರ್ಷ ಬೇಕಾಯ್ತು.