ಪ್ರಾಚೀನರ ಮಾರ್ಗರಕ್ಷಾವಿಧಾನ

ಮನೆಯಿಂದ ಹೊರಟವನು ಸುಖವಾಗಿ ಮನೆಗೆ ಮರಳುವನೆಂಬ ನಂಬಿಕೆಯ ಮೇಲೆಯೇ ಲೋಕವ್ಯವಹಾರವೆಲ್ಲವೂ ನಿಂತಿರುತ್ತದೆ. ವರ್ತಕನು ಸರಕು ಹೇರಿಕೊಂಡು ಸಂತೆಗೆ ಹೋಗುವುದೂ, ಬಾಲಕನು ವಿದ್ಯಾರ್ಥಿಯಾಗಿ ಪರಸ್ಥಳಕ್ಕೆ ತೆರಳುವುದೂ, ಹೆಣ್ಣುಮಗಳು ತವರಿಗೆ ಬರುವುದೂ ಈ ನಂಬಿಕೆಯಿಂದಲೇ. ಅದಕ್ಕೆ ಭಂಗ ಬಂದಾಗ ಮೊದಲು ಏಳುವ ಪ್ರಶ್ನೆಯೆಂದರೆ, ದಾರಿಯಲ್ಲಿ ಒದಗಿದ ನಷ್ಟಕ್ಕೆ ಹೊಣೆ ಯಾರೆಂಬುದು. ಈ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಹೇಗೆ ಬಗೆಹರಿಸಿದ್ದರೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ವಿಚಾರವು ನನ್ನ ಮನಸ್ಸಿನಲ್ಲಿ ನೆಲೆಯೂರಿದುದು ಒಂದು ಮಳೆಗಾಲದ ರಾತ್ರಿಯಲ್ಲಿ. ಈಗ್ಗೆ ಕೆಲವು ವರ್ಷಗಳ ಕೆಳಗೆ ಬಂಧುಗಳೊಬ್ಬರನ್ನು ನೋಡಿಕೊಂಡು ಬರುತ್ತಿದ್ದಾಗ, ನಾನು ಕುಳಿತಿದ್ದ ಬಸ್ಸು ಘಟ್ಟದ ತಿರುವಿನಲ್ಲಿ ಜಾರಿ ಮಗ್ಗುಲಾಗಿ ಉರುಳಿತು. ದೈವಕೃಪೆಯಿಂದ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಆದರೆ ನನ್ನ ಪಕ್ಕದಲ್ಲಿದ್ದ ವೃದ್ಧೆಯೊಬ್ಬರ ತೋಳು ಮುರಿಯಿತು. ಹತ್ತಿರದ ಹಳ್ಳಿಯವರು ದೀಪ, ಹಗ್ಗ, ಕಂಬಳಿಗಳನ್ನು ತಂದು ನಮ್ಮನ್ನು ಮೇಲಕ್ಕೆತ್ತಿದರು. ಮರುದಿನ ಆಕೆಯ ಮಗನು ಬಂದು ವಿಚಾರಿಸಲು, ಬಸ್ಸಿನ ಯಜಮಾನರು ಚಾಲಕನನ್ನು ತೋರಿಸಿದರು. ಚಾಲಕನು ರಸ್ತೆಯನ್ನು ತೋರಿಸಿದನು. ರಸ್ತೆಯ ಅಧಿಕಾರಿಗಳು ಮಳೆಯನ್ನು ತೋರಿಸಿದರು. ಮಳೆಯನ್ನು ಕೇಳುವವರು ಯಾರು? ಆ ಮಗನು ಪೆಚ್ಚುಮೋರೆ ಹಾಕಿಕೊಂಡು ನಿಂತುದನ್ನು ಕಂಡಾಗ, ಪಾಠಶಾಲೆಯಲ್ಲಿ ಎಂದೋ ಓದಿದ್ದ ಕೌಟಿಲ್ಯನ ಅರ್ಥಶಾಸ್ತ್ರವು ನನ್ನ ನೆನಪಿಗೆ ಬಂದಿತು.

ಶತಮಾನಗಳ ಕಾಲ ಹೆಸರಿನಿಂದ ಮಾತ್ರವೇ ಪಂಡಿತರಿಗೆ ಪರಿಚಿತವಾಗಿದ್ದ ಈ ಗ್ರಂಥವು ಬೆಳಕು ಕಂಡುದು ನಮ್ಮ ಮೈಸೂರಿನಲ್ಲಿಯೇ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅಲ್ಲಿನ ಪ್ರಾಚ್ಯಪುಸ್ತಕಾಲಯಕ್ಕೆ ಬಂದ ಓಲೆಯ ಪ್ರತಿಯನ್ನು ವಿದ್ವಾನ್ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಸಂಪ್ರದಾಯವು ಅದನ್ನು ಚಂದ್ರಗುಪ್ತ ಮೌರ್ಯನ ಕಾಲಕ್ಕೆ ಒಯ್ದರೆ, ಈಚಿನ ಸಂಶೋಧಕರು ಹಲವರು ಅದರ ಈಗಿನ ರೂಪವು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಸಿದ್ಧವಾಯಿತೆನ್ನುವರು. ಹೇಗಾದರೂ ಮಾರ್ಗರಕ್ಷಣೆಯನ್ನು ಕುರಿತು ಇಷ್ಟು ವಿಶದವಾಗಿ ಹೇಳುವ ಪ್ರಾಚೀನ ಗ್ರಂಥವು ವಿರಳವೆಂಬುದರಲ್ಲಿ ಸಂಶಯವಿಲ್ಲ.

ಅರ್ಥಶಾಸ್ತ್ರದ ಮೊದಲ ನಿಯಮವೆಂದರೆ ಸುಂಕವನ್ನು ಪಡೆದವನೇ ನಷ್ಟವನ್ನು ತುಂಬಬೇಕೆಂಬುದು. ರಾಜ್ಯದ ಗಡಿಯಲ್ಲಿ ಅಂತಪಾಲನೆಂಬ ಅಧಿಕಾರಿಯು ಇರುತ್ತಾನೆ. ಅವನು ‘ವರ್ತನಿ’ ಎಂಬ ದಾರಿಸುಂಕವನ್ನು ಎತ್ತುವನು: ಸರಕಿನ ಬಂಡಿಗೆ ಒಂದೂಕಾಲು ಪಣ, ಕುದುರೆ ಮೊದಲಾದ ಒಂಟಿಗೊರಸಿನ ಪ್ರಾಣಿಗೆ ಒಂದು ಪಣ, ದನಕ್ಕೆ ಅರ್ಧ ಪಣ, ಕುರಿ ಮೊದಲಾದ ಸಣ್ಣ ಪ್ರಾಣಿಗೆ ಕಾಲು ಪಣ, ಹೆಗಲ ಹೊರೆಗೆ ಒಂದು ಮಾಷ. ಹೀಗೆ ಹಣವನ್ನು ಪಡೆದ ಅಂತಪಾಲನು ದಾರಿಯಲ್ಲಿ ಕಳೆದುಹೋದುದನ್ನೂ ಕಳುವಾದುದನ್ನೂ ತಾನೇ ತುಂಬಿಕೊಡಬೇಕು. ಕಾವಲಿಗೆಂದು ಹಣವನ್ನು ತೆಗೆದುಕೊಂಡು ಕಾವಲನ್ನು ಮರೆಯುವುದಕ್ಕೆ ಅಲ್ಲಿ ಅವಕಾಶವಿಲ್ಲ.

ಎರಡನೆಯದು ದಾರಿಯ ಯಾವ ಭಾಗವೂ ಹೊಣೆಗಾರನಿಲ್ಲದೆ ಇರಕೂಡದೆಂಬುದು. ವರ್ತಕರ ತಂಡವು ತನ್ನ ಸರಕಿನ ಬೆಲೆಯನ್ನು ತಿಳಿಸಿ ಗ್ರಾಮದೊಳಗೆ ತಂಗಿದಾಗ ಕಳವೋ ಕೊಲೆಯೋ ಆದರೆ, ಅದು ರಾತ್ರಿ ಊರಿನಿಂದ ಹೊರಹೋಗದಿದ್ದ ಪಕ್ಷದಲ್ಲಿ ಗ್ರಾಮದ ಒಡೆಯನು ಕೊಡಬೇಕು. ಎರಡು ಗ್ರಾಮಗಳ ನಡುವೆ ಆದರೆ ಹುಲ್ಲುಗಾವಲುಗಳ ಅಧಿಕಾರಿಯಾದ ವಿವೀತಾಧ್ಯಕ್ಷನು ಕೊಡಬೇಕು. ಹುಲ್ಲುಗಾವಲಿಲ್ಲದ ಕಡೆ ಕಳ್ಳರನ್ನು ಹಿಡಿಯಲು ನೇಮಿಸಲ್ಪಟ್ಟ ಚೋರರಜ್ಜುಕನು ಕೊಡಬೇಕು. ಅವನೂ ಇಲ್ಲದೆಡೆಯಲ್ಲಿ ಆ ಎಲ್ಲೆಯವರು. ಅದೂ ಆಗದಿದ್ದರೆ ಸುತ್ತಣ ಐದು ಅಥವಾ ಹತ್ತು ಗ್ರಾಮಗಳವರು ಕೂಡಿ ಕೊಡಬೇಕು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಅನಾಹುತವಾದ ಮೇಲೆ ಹೊಣೆಗಾರನನ್ನು ಹುಡುಕುತ್ತ ಹೊರಡುವುದಲ್ಲ. ಅನಾಹುತಕ್ಕೆ ಮುಂಚೆಯೇ ಹೊಣೆಗಾರನು ಗೊತ್ತಾಗಿರುತ್ತಾನೆ.

ಇದು ಕೌಟಿಲ್ಯನೊಬ್ಬನ ಮತವೆಂದು ತಿಳಿಯಬಾರದು. ಕದ್ದ ಮಾಲನ್ನು ರಾಜನು ಒಡೆಯನಿಗೆ ಮರಳಿಸಬೇಕು, ಸಿಕ್ಕದಿದ್ದರೆ ಬೊಕ್ಕಸದಿಂದ ಕೊಡಬೇಕೆಂದು ಗೌತಮನ ಧರ್ಮಸೂತ್ರವು ವಿಧಿಸುತ್ತದೆ. ಯಾಜ್ಞವಲ್ಕ್ಯಸ್ಮೃತಿಯೂ ಗ್ರಾಮದ ಒಡೆಯ, ಹುಲ್ಲುಗಾವಲಿನ ಒಡೆಯ, ಕಳ್ಳರನ್ನು ಹಿಡಿಯುವವನು ಎಂಬ ಇದೇ ಕ್ರಮವನ್ನು ಹೇಳುತ್ತದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ಸುಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಆದುದರಿಂದ ಈ ಧರ್ಮವಿಚಾರವು ಕನ್ನಡನಾಡಿನ ರಾಜಧಾನಿಯಲ್ಲಿಯೂ ಪಂಡಿತರ ಕೈಯಲ್ಲಿ ಪರೀಕ್ಷಿತವಾದುದೇ ಆಗಿದೆ.

ಇನ್ನು ಅಪಾಯದ ಸುದ್ದಿಯನ್ನು ಮುಟ್ಟಿಸುವ ಬಗೆ. ವಿವೀತಾಧ್ಯಕ್ಷನು ಭಯವಿರುವ ಎಡೆಗಳಲ್ಲಿ ಹುಲ್ಲುಗಾವಲುಗಳನ್ನು ಏರ್ಪಡಿಸಬೇಕು. ನೀರಿಲ್ಲದ ಕಡೆ ಬಾವಿಗಳನ್ನು ತೋಡಿಸಬೇಕು. ಬೇಡರು ನಾಯಿಗಳೊಡನೆ ಕಾಡಿನಲ್ಲಿ ಸುತ್ತುತ್ತಿರಬೇಕು. ಕಳ್ಳರಾಗಲಿ ಶತ್ರುಗಳಾಗಲಿ ಬರುವುದು ಕಂಡರೆ ಅವರು ತಾವು ಸೆರೆಸಿಕ್ಕದಂತೆ ಬೆಟ್ಟವನ್ನೋ ಮರವನ್ನೋ ಏರಿ ಶಂಖವನ್ನೂದಬೇಕು, ದುಂದುಭಿಯನ್ನು ಬಾರಿಸಬೇಕು. ಶತ್ರುಗಳ ಸಂಚಾರವನ್ನು ರಾಜನಿಗೆ ತಿಳಿಸಲು ಮುದ್ರೆಯೊತ್ತಿದ ಓಲೆಯನ್ನು ಸಾಕಿದ ಪಾರಿವಾಳಗಳ ಮೂಲಕ ಕಳುಹಬೇಕು, ಅಥವಾ ಒಂದೆಡೆಯಿಂದ ಇನ್ನೊಂದೆಡೆಗೆ ಸಾಲಾಗಿ ಹೊಗೆಯನ್ನೂ ಬೆಂಕಿಯನ್ನೂ ಎಬ್ಬಿಸಬೇಕು. ತಂತಿಯೂ ದೂರವಾಣಿಯೂ ಇಲ್ಲದ ಕಾಲದಲ್ಲಿ ಇದಕ್ಕಿಂತ ಶೀಘ್ರವಾದ ಉಪಾಯವು ಯಾವುದಿದ್ದೀತು?

ಹೊಳೆ ದಾಟುವ ಕಡವುಗಳಲ್ಲಿ ನಾವಧ್ಯಕ್ಷನದೇ ಹೊಣೆ. ದೊಡ್ಡ ದೋಣಿಗೆ ನಾಯಕ, ಚುಕ್ಕಾಣಿಗಾರ, ಹಗ್ಗ ಹಿಡಿಯುವವರು, ನೀರು ಮೊಗೆದುಹಾಕುವವರು ಇರಲೇಬೇಕು. ಅಕಾಲದಲ್ಲಿಯೂ ಕಡವಲ್ಲದೆಡೆಯಲ್ಲಿಯೂ ದಾಟುವವನಿಗೆ ದಂಡ. ಆಳಿನ ಅಥವಾ ಸಾಮಗ್ರಿಯ ಕೊರತೆಯಿಂದಾಗಲಿ, ದುರಸ್ತಿ ಮಾಡದ ಕಾರಣದಿಂದಾಗಲಿ ದೋಣಿಯು ಮುಳುಗಿದರೆ ಹೋದುದನ್ನೆಲ್ಲ ನಾವಧ್ಯಕ್ಷನು ತೆರಬೇಕು. ಬಿರುಗಾಳಿಗೆ ಸಿಕ್ಕಿ ಬಂದ ಹಡಗನ್ನಾದರೋ ಅವನು ಮಕ್ಕಳನ್ನು ತಂದೆಯು ನೋಡಿಕೊಳ್ಳುವ ರೀತಿಯಲ್ಲಿ ಆದರಿಸಬೇಕು. ದೈವದಿಂದ ಬಂದ ವಿಪತ್ತಿಗೂ ಮನುಷ್ಯನ ಅಲಕ್ಷ್ಯದಿಂದ ಬಂದ ವಿಪತ್ತಿಗೂ ಇರುವ ಭೇದವು ಇಲ್ಲಿ ಸ್ಪಷ್ಟವಾಗಿದೆ.

ಬಂಡಿಗಳ ವಿಷಯದಲ್ಲಿಯೂ ಇದೇ ವಿವೇಚನೆ. ಮೂಗುದಾರ ಕಡಿದು, ನೊಗ ಮುರಿದು ಬಂಡಿಯು ಯಾರಿಗಾದರೂ ಪೆಟ್ಟು ಮಾಡಿದರೆ ಹೊಡೆಯುವವನಿಗೆ ದಂಡವಿಲ್ಲ. ಆದರೆ ಬಾಲಕನು ಬಂಡಿ ಹೊಡೆಯುತ್ತಿದ್ದರೆ ಅದರಲ್ಲಿ ಕುಳಿತ ಒಡೆಯನೇ ದಂಡಾರ್ಹನು. ಬಾಲಕನ ಕೈಯಲ್ಲಿರುವ ಅಥವಾ ಹೊಡೆಯುವವನೇ ಇಲ್ಲದ ಬಂಡಿಯನ್ನು ರಾಜನು ವಶಪಡಿಸಿಕೊಳ್ಳಬೇಕು. ಹೊಡೆಯುವವನ ಅಕುಶಲತೆಯಿಂದ ಕೇಡಾದರೆ ಒಡೆಯನಿಗೆ 200 ಪಣ ದಂಡವೆಂದು ಮನುಸ್ಮೃತಿ ಹೇಳುತ್ತದೆ. ಅಪ್ರಾಪ್ತವಯಸ್ಕನು ಮೋಟಾರು ವಾಹನವನ್ನು ನಡೆಸಿ ಅಪರಾಧವೆಸಗಿದರೆ ಪೋಷಕನೋ ವಾಹನದ ಒಡೆಯನೋ ಅಪರಾಧಿಯೆನಿಸುವನೆಂದು ನಮ್ಮ ದೇಶದ ಶಾಸನವು 2019ರ ತಿದ್ದುಪಡಿಯಲ್ಲಿ ವಿಧಿಸಿದುದನ್ನು ಓದಿದಾಗ, ಹಳೆಯ ಮಾತೇ ಹೊಸ ಉಡುಪಿನಲ್ಲಿ ಬಂದಂತೆ ನನಗೆ ತೋರಿತು.

ಹಾಗೆಂದು ಶಾಸ್ತ್ರದಲ್ಲಿ ಬರೆದಂತೆಯೇ ಎಲ್ಲವೂ ನಡೆಯಿತೆಂದು ಹೇಳುವುದು ಇತಿಹಾಸಕ್ಕೆ ದ್ರೋಹವಾದೀತು. ಮೌರ್ಯರ ಕಾಲದಲ್ಲಿ ಅಧಿಕಾರಿಗಳು ರಸ್ತೆಗಳನ್ನು ಮಾಡಿಸಿ, ಪ್ರತಿ ಹತ್ತು ಸ್ಟೇಡಿಯಾ ದೂರಕ್ಕೆ ಕವಲುದಾರಿಗಳನ್ನೂ ಅಂತರವನ್ನೂ ತಿಳಿಸುವ ಕಂಬವನ್ನು ನೆಡಿಸುತ್ತಿದ್ದರೆಂದು ಗ್ರೀಕ್ ದೂತ ಮೆಗಾಸ್ತನೀಸನ ವರದಿಯಿಂದ ತಿಳಿಯುತ್ತದೆ. ಅಶೋಕನು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿದುದನ್ನು ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಆದರೆ 7ನೆಯ ಶತಮಾನದಲ್ಲಿ ಬಂದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗನು ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿದನು. ಗಂಗಾನದಿಯಲ್ಲಿ ದರೋಡೆಗಾರರು ಅವನನ್ನು ಬಲಿಗೊಡಲು ಹವಣಿಸಿದರೆಂದು ಅವನ ಚರಿತ್ರೆಯು ಹೇಳುತ್ತದೆ. ನಮ್ಮ ನಾಡಿನ ಅಯ್ಯಾವೊಳೆಯ ಐನೂರ್ವರು ದೇಶದೇಶಗಳಿಗೆ ವ್ಯಾಪಾರಕ್ಕೆ ಹೋಗುವಾಗ ಆಯುಧಪಾಣಿಗಳನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಕಳ್ಳರೊಡನೆ ಹೋರಾಡಿ ಮಡಿದವರ ನೆನಪಿಗೆ ನಿಂತ ವೀರಗಲ್ಲುಗಳು ಕರ್ನಾಟಕದ ಊರುಗಳಲ್ಲಿ ಕಾಣಸಿಗುತ್ತವೆ. ಅರಸನ ತೋಳು ಎಲ್ಲೆಲ್ಲಿಗೂ ಚಾಚಲಿಲ್ಲವೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ. ಮೇಲಾಗಿ ಈ ರಕ್ಷಣೆಗೆ ಪ್ರಜೆಯು ಬೆಲೆಯನ್ನೂ ತೆರಬೇಕಾಗಿತ್ತು. ಒಂದು ಮಾಷವನ್ನು ಕೊಟ್ಟು ರಹದಾರಿ ಮುದ್ರೆಯನ್ನು ಪಡೆಯದೆ ಸಂಚರಿಸಿದ ನಾಡಿಗನಿಗೆ 12 ಪಣ ದಂಡ. ಕಾಯುವ ಕಣ್ಣೇ ಪ್ರಜೆಯ ನಡೆಯನ್ನು ಶೋಧಿಸುವ ಕಣ್ಣೂ ಆಗಿದ್ದಿತು.

ಈ ಕಾಲದ ಶಾಸನಗಳೂ ಈ ವಿಷಯದಲ್ಲಿ ಕಣ್ಣುಮುಚ್ಚಿ ಕುಳಿತಿಲ್ಲ. ಸರಕು ಸಾಗಿಸುವವರನ್ನು ಕುರಿತ 1865ರ ಕಾಯಿದೆಯಲ್ಲಿ, ಮಾಲು ಹಾಳಾದಾಗ ಸಾಗಿಸಿದವನ ಅಲಕ್ಷ್ಯವನ್ನು ಮಾಲಿನವನು ಸಾಧಿಸಿ ತೋರಿಸಬೇಕಾಗಿರಲಿಲ್ಲ; ಆ ಕಾಯಿದೆಯ ಸ್ಥಾನಕ್ಕೆ 2007ರಲ್ಲಿ ಬೇರೊಂದು ಬಂದಿತು. 1989ರ ರೈಲ್ವೆ ಕಾಯಿದೆಯಂತೆ, ರೈಲು ಅಪಘಾತದಲ್ಲಿ ಆಡಳಿತದ ತಪ್ಪಿರಲಿ ಇಲ್ಲದಿರಲಿ ಪ್ರಯಾಣಿಕನಿಗೆ ಪರಿಹಾರವು ಸಲ್ಲತಕ್ಕದ್ದು. ಗಾಯವಾದ ಮೊದಲ ಒಂದು ಗಂಟೆಯ ಚಿಕಿತ್ಸೆಯ ಮಹತ್ವವನ್ನೂ, ನೆರವಿಗೆ ಬಂದವನನ್ನು ಮೊಕದ್ದಮೆಗಳಿಂದ ಕಾಪಾಡಬೇಕೆಂಬುದನ್ನೂ 2019ರ ತಿದ್ದುಪಡಿಯು ಅಂಗೀಕರಿಸಿದೆ. ತತ್ತ್ವದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಘಟ್ಟದ ಇಂಥ ತಿರುವಿಗೆ ಇಂಥವನೇ ಹೊಣೆಯೆಂದು ಮುಂಚಿತವಾಗಿ ಬೆರಳಿಟ್ಟು ತೋರಿಸುವ ಏರ್ಪಾಡಿನಲ್ಲಿ. ಕಾಯಿದೆಯು ಪುಸ್ತಕದಲ್ಲಿದ್ದರೂ ಆ ವೃದ್ಧೆಯ ಮಗನು ಮೂರು ಬಾಗಿಲುಗಳನ್ನು ತಟ್ಟಿ ಬರಿಗೈಯಲ್ಲಿ ಹಿಂದಿರುಗಿದನಷ್ಟೆ.

ಕಡೆಯದಾಗಿ ಇನ್ನೊಂದು ಮಾತು. ನೆರೆಯನ್ನು ಕುರಿತ ಪ್ರಕರಣದಲ್ಲಿ ಕೌಟಿಲ್ಯನು, ಹೊಳೆಯ ದಡದ ಗ್ರಾಮದವರು ಮಳೆಗಾಲದಲ್ಲಿ ಹಲಗೆ, ಬಿದಿರು, ದೋಣಿಗಳನ್ನು ಸಿದ್ಧವಾಗಿ ಇಟ್ಟುಕೊಂಡಿರಬೇಕೆನ್ನುತ್ತಾನೆ. ಕೊಚ್ಚಿಹೋಗುವವನನ್ನು ಸೋರೆಬುರುಡೆ, ತೊಗಲುಚೀಲ, ತೆಪ್ಪ, ಮರದ ದಿಮ್ಮಿಗಳಿಂದ ದಾಟಿಸಬೇಕು. ನೆರವಿಗೆ ಧಾವಿಸದವನಿಗೆ 12 ಪಣ ದಂಡ. ತೆಪ್ಪವಿಲ್ಲದವನಿಗೆ ಮಾತ್ರ ವಿನಾಯಿತಿ. ಆ ರಾತ್ರಿ ಕಂಬಳಿಯನ್ನು ಹೊತ್ತು ಘಟ್ಟವಿಳಿದು ಬಂದ ಹಳ್ಳಿಗರು ಈ ವಿಧಿಯನ್ನು ಓದಿದವರಲ್ಲ. ದಂಡಕ್ಕೆ ಅಂಜಿ ಬಂದವರೂ ಅಲ್ಲ. ಅವರು ತಮ್ಮ ಪಾಲಿನ ಕರ್ತವ್ಯವನ್ನು ನಡೆಸಿದರು. ದಾರಿಯ ಸುಂಕವನ್ನು ಪಡೆಯುವವರೂ ತಮ್ಮ ಪಾಲಿನದನ್ನು ನಡೆಸಿದರೆ, ಮನೆಯಿಂದ ಹೊರಟವನು ಮನೆಗೆ ಮರಳುವನೆಂಬ ನಂಬಿಕೆಯು ಉಳಿದೀತು.