ಹಡಗಿನ ಊಟದ ಉಡುಪು

ಹಸಿವೆಗೆ ಉಡುಪಿನ ಹಂಗಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಸಾಗರದಾಟುವ ಹಡಗುಗಳ ಮೊದಲನೆಯ ದರ್ಜೆಯಲ್ಲಿ ರಾತ್ರಿಯೂಟಕ್ಕೆ ಕೂರುವವರು ಆ ಹಂಗನ್ನು ಹೊರಲೇಬೇಕಿತ್ತು. ಗಂಡಸರಿಗೆ ಕರಿಯ ಕೋಟು, ಗಂಜಿ ಹಾಕಿದ ಬಿಳಿಯ ಅಂಗಿ. ಹೆಂಗಸರಿಗೆ ನೆಲ ಮುಟ್ಟುವ ನಿಲುವಂಗಿ. ಹೊರಟ ಮೊದಲ ರಾತ್ರಿ ಮಾತ್ರ ವಿನಾಯಿತಿ. ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರುವುದಿಲ್ಲವಲ್ಲ! 1935ರಲ್ಲಿ ಮೊದಲ ಯಾನ ಕೈಗೊಂಡ ಫ್ರಾನ್ಸಿನ ‘ನಾರ್ಮಂಡಿ’ಯ ಭೋಜನಶಾಲೆಯಲ್ಲಿ ಸುಮಾರು 700 ಮಂದಿ ಕೂರಬಹುದಿತ್ತು. ಅಲ್ಲಿಗೆ ಮೆಟ್ಟಿಲಿಳಿದು ಬರುವವರ ಉಡುಪೇ ಊಟಕ್ಕಿಂತ ಮೊದಲು ಎಲ್ಲರ ಕಣ್ಣಿಗೆ ಬೀಳುತ್ತಿತ್ತು.

ಪೂರ್ವದ ದಾರಿಯ ಕಥೆ ಬೇರೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಇಂಡಿಯಾದ ಹಡಗುಗಳು ಕೆಂಪು ಸಮುದ್ರದ ಬೇಗೆಯನ್ನು ಹಾಯಬೇಕಾಯಿತು. ಆ ಸೆಕೆಗೆ ನಿಯಮವೂ ಸಡಿಲಿತು. ಕೋಟು ಕಳಚಿ, ಸೊಂಟಕ್ಕೆ ಅಗಲವಾದ ಪಟ್ಟಿ ಸುತ್ತಿ ಉಣ್ಣುವುದು ರೂಢಿಯಾಯಿತು. ಪಾರಸಿಯಿಂದ ಹಿಂದೂಸ್ಥಾನಿಗೆ ಬಂದಿದ್ದ ‘ಕಮರ್‌ಬಂದ್’ ಎಂಬ ಹೆಸರೇ ಆ ಪಟ್ಟಿಗೆ ಇಂಗ್ಲಿಷಿನಲ್ಲಿಯೂ ನಿಂತಿತು. ಆಳುವವರು ಆಳಿಸಿಕೊಂಡವರಿಂದ ಪಡೆದ ಸಾಲವದು.

1888ರಲ್ಲಿ ಇದೇ ಮಾರ್ಗವಾಗಿ ‘ಕ್ಲೈಡ್’ ಹಡಗಿನಲ್ಲಿ ವಿಲಾಯತಿಗೆ ಹೊರಟ ತರುಣ ಗಾಂಧಿ ಕರಿಯ ಸೂಟನ್ನು ತೊಟ್ಟಿದ್ದರು. ಆದರೂ ಚಾಕು, ಮುಳ್ಳುಚಮಚಗಳ ಬಳಕೆಯರಿಯದ ಸಂಕೋಚದಿಂದ ಮೇಜಿಗೆ ಹೋಗದೆ ತಮ್ಮ ಕೋಣೆಯಲ್ಲೇ ಉಂಡರು. 1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆಂದು ‘ರಾಜಪುತಾನಾ’ ಹಡಗನ್ನೇರಿದಾಗ ಅವರದು ಎರಡನೆಯ ದರ್ಜೆ. ಉಟ್ಟದ್ದು ತುಂಡು ಪಂಚೆ.

ಇಂದು ಅನೇಕ ವಿಹಾರನೌಕೆಗಳು ಈ ಕಟ್ಟಳೆಯನ್ನು ಸಡಿಲಿಸಿವೆ. ಕೆಲವು ವಿಶೇಷ ರಾತ್ರಿಗಳಿಗೆಂದು ಉಳಿಸಿಕೊಂಡಿವೆ. ಉಡುಪು ಊಟಕ್ಕೆ ಸೊಬಗು ತಂದರೆ ಸಂತೋಷವೇ. ಅದು ಬಾಗಿಲ ಕಾವಲಾದಾಗ ಮಾತ್ರ ಪಂಕ್ತಿ ಕಿರಿದಾಗುತ್ತದೆ.