ಹಿಕ್ಕೆಯ ಗುಡ್ಡೆಯೂ ಪರಿಸರದ ಪಾಠವೂ

ಬಯಲುಸೀಮೆಯ ಶಾಲೆಗಳಲ್ಲಿ ಪ್ರವಾಸ ಎಂದರೆ ಜೋಗ, ಬೇಲೂರು–ಹಳೇಬೀಡು, ಇಲ್ಲವೇ ಮೈಸೂರು. ಕಾಡು ನೋಡಬೇಕೆಂದರೆ ಮಲೆನಾಡಿಗೇ ಬಸ್ಸು ಹತ್ತಬೇಕು ಎನ್ನುವುದರಲ್ಲಿ ಮೇಷ್ಟ್ರಿಗೂ ಮಕ್ಕಳಿಗೂ ಭಿನ್ನಾಭಿಪ್ರಾಯವಿಲ್ಲ. ದಾವಣಗೆರೆ ಜಿಲ್ಲೆಯ ಜಗಳೂರು ತಾಲೂಕು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಬರದ ನಾಡು, ಕುರುಚಲು ಗುಡ್ಡ, ಮಳೆ ನಂಬಿದ ಮೆಕ್ಕೆಜೋಳ, ನೋಡುವುದಕ್ಕೇನಿದೆ? ಆದರೂ ಇದೇ ತಾಲೂಕಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಸುಮಾರು 77 ಚದರ ಕಿ.ಮೀ. ವಿಸ್ತಾರದ ಈ ಧಾಮಕ್ಕೆ ಕಾರಣ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಪ್ರಾಣಿ.

ಮಕ್ಕಳನ್ನು ಗೋಡೆಯಾಚೆ ಕರೆದೊಯ್ದು ಕಲಿಸುವ ಹಂಬಲ ಕನ್ನಡಕ್ಕೆ ಹೊಸದಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು. 1930ರ ದಶಕದಲ್ಲಿ ಅವರು ಹೊರತಂದ ಮೂರು ಸಂಪುಟಗಳ ‘ಬಾಲಪ್ರಪಂಚ’ದ ಹಿಂದೆಯೂ ಅದೇ ಹಟವಿತ್ತು. ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲಿ ಮುಂದಿಟ್ಟ ಮೂಲಶಿಕ್ಷಣದಲ್ಲಿ ಕೈಕೆಲಸವೇ ಪಾಠದ ನಡುಗಂಬ. ಸ್ವಾತಂತ್ರ್ಯದ ನಂತರದ ಶಾಲೆ ಇವೆರಡನ್ನೂ ಗೌರವದಿಂದ ಬದಿಗಿಟ್ಟು ಪಠ್ಯಪುಸ್ತಕಕ್ಕೆ ಮರಳಿತು.

ಪರಿಸರ ಪಾಠ ಮತ್ತೆ ಬಾಗಿಲು ತಟ್ಟಿದ್ದು ಹೊರಗಿನ ಒತ್ತಾಯದಿಂದ. 1977ರಲ್ಲಿ ಯುನೆಸ್ಕೊ ತಿಬಿಲಿಸಿಯಲ್ಲಿ ಪರಿಸರ ಶಿಕ್ಷಣದ ಸಮ್ಮೇಳನ ಸೇರಿಸಿತು. 1984ರಲ್ಲಿ ಅಹಮದಾಬಾದಿನಲ್ಲಿ ಪರಿಸರ ಶಿಕ್ಷಣ ಕೇಂದ್ರ ಹುಟ್ಟಿತು. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರ್ 22ರಂದು ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದಿತು. ಆದೇಶ ಬಂದಮೇಲೂ ಬಹುಕಡೆ ಅದು ಪ್ರಶ್ನೋತ್ತರವಾಗಿಯೇ ಉಳಿಯಿತು: ಮಾಲಿನ್ಯ ಎಂದರೇನು, ಎರಡು ಅಂಕ.

ಅದಕ್ಕಿಂತ ದೂರ ಹೋದದ್ದು ಮಕ್ಕಳ ವಿಜ್ಞಾನ ಸಮಾವೇಶ. 1993ರಲ್ಲಿ ರಾಷ್ಟ್ರಮಟ್ಟದಲ್ಲಿ ಶುರುವಾದ ಇದನ್ನು ನಮ್ಮಲ್ಲಿ ನಡೆಸಿಕೊಂಡು ಬಂದದ್ದು 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಷರತ್ತು ಸರಳ. ಮಕ್ಕಳು ಗುಂಪು ಕಟ್ಟಿಕೊಂಡು ತಮ್ಮದೇ ಊರಿನ ಒಂದು ಸಮಸ್ಯೆಯನ್ನು ಅಳೆದು, ಕೇಳಿ, ಎಣಿಸಿ ವರದಿ ಬರೆಯಬೇಕು. ಕನ್ನಡದಲ್ಲೇ ಬರೆಯಬಹುದು. ಥರ್ಮೋಕೋಲಿನ ಜ್ವಾಲಾಮುಖಿಗಿಂತ ಕೊಳವೆಬಾವಿಯ ಲೆಕ್ಕ ಮೇಲೆಂದು ಒಪ್ಪಿದ ಸ್ಪರ್ಧೆ ಇದು.

2001ರಲ್ಲಿ ಬಂದ ರಾಷ್ಟ್ರೀಯ ಹಸಿರು ಪಡೆಯಿಂದ ಶಾಲೆಗಳಲ್ಲಿ ಇಕೋ ಕ್ಲಬ್ಬುಗಳು ಹುಟ್ಟಿದವು. ಒಂದು ಕಾಲಕ್ಕೆ ಕ್ಲಬ್ಬಿಗೆ ವರ್ಷಕ್ಕೆ ಸಿಗುತ್ತಿದ್ದದ್ದು 2,500 ರೂಪಾಯಿ. ಅಷ್ಟರಲ್ಲಿ ನಾಲ್ಕು ಸಸಿ, ಒಂದು ಬ್ಯಾನರ್. ಬಸ್ಸಿನ ಮಾತು ಎತ್ತುವಂತಿರಲಿಲ್ಲ. ಈ ಕೊರತೆಗೆ ಎರಡು ಬಗೆಯ ಉತ್ತರಗಳು ಬಂದವು. 1999ರಲ್ಲಿ ಆರಂಭವಾದ ಅಗಸ್ತ್ಯ ಸಂಸ್ಥೆ, ಕರ್ನಾಟಕದ ಗಡಿಯಾಚೆ ಕುಪ್ಪಂ ಬಳಿಯ 172 ಎಕರೆ ಬರಡು ನೆಲದಲ್ಲಿ ಮರಗಿಡ ಬೆಳೆಸಿ ಸರ್ಕಾರಿ ಶಾಲೆಗಳ ಮಕ್ಕಳನ್ನು ಅಲ್ಲಿಗೆ ಕರೆಯಿತು. ಬರಲಾಗದವರ ಊರಿಗೆ ವ್ಯಾನಿನಲ್ಲಿ ಪ್ರಯೋಗಾಲಯವನ್ನೇ ಕಳಿಸಿತು. ಕರ್ನಾಟಕ ಅರಣ್ಯ ಇಲಾಖೆಯದು ಇನ್ನೊಂದು ದಾರಿ: ‘ಚಿಣ್ಣರ ವನ ದರ್ಶನ’. ಖರ್ಚು ಇಲಾಖೆಯದು, ಮಕ್ಕಳು ಕಾಡಿಗೆ.

ಯಾವ ಕಾಡಿಗೆ ಎಂಬುದು ಮುಖ್ಯ. ರಂಗಯ್ಯನದುರ್ಗದಂಥ ಒಣ ಕಾಡು ಪಾಠಕ್ಕೆ ಮಲೆನಾಡಿಗಿಂತ ಅನುಕೂಲ ಎಂದರೆ ಅತಿಶಯವಲ್ಲ. ಗಂಡು ಕೊಂಡುಕುರಿಗೆ ನಾಲ್ಕು ಕೊಂಬು: ಹಿಂದಿನ ಜೋಡಿ ಉದ್ದ, ಹಣೆಯ ಮೇಲಿನದು ಗಿಡ್ಡ. ಭಾರತ, ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಪ್ರಾಣಿ ಕಾಡಿನಲ್ಲಿಲ್ಲ. ಹಿಂಡು ಕಟ್ಟದ, ನಾಚಿಕೆಯ ಜೀವ. ಶಾಲೆಯ ಗದ್ದಲಕ್ಕೆ ಕಣ್ಣಿಗೆ ಬೀಳುವುದು ಕಷ್ಟ. ಆದರೆ ಅದಕ್ಕೆ ಒಂದು ಅಭ್ಯಾಸವಿದೆ: ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಹಾಗಾಗಿ ಪ್ರಾಣಿ ಕಾಣದಿದ್ದರೂ ಪಾಠ ನಿಲ್ಲುವುದಿಲ್ಲ. ಹಿಕ್ಕೆಯ ಗುಡ್ಡೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಹಸಿಯೋ ಒಣಗಿದ್ದೋ ನೋಡಿ, ನೀರಿನ ಹೊಂಡ ಎಷ್ಟು ದೂರ ಎಂದು ಹೆಜ್ಜೆ ಹಾಕಿದರೆ ಏಳನೇ ಕ್ಲಾಸಿನವರೂ ಆ ಜೀವದ ದಿನಚರಿ ಊಹಿಸಬಲ್ಲರು. ವನ್ಯಜೀವಿ ವಿಜ್ಞಾನಿಗಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಕಾಡಿನಾಚೆಗೂ ಕೆಲಸವಿದೆ. ಸಿರಿಗೆರೆ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಬೆನ್ನುಹತ್ತಿದ 57 ಕೆರೆ ತುಂಬಿಸುವ ಯೋಜನೆಯಿಂದ ತುಂಗಭದ್ರೆಯ ನೀರು ಜಗಳೂರಿನತ್ತ ಹರಿಯಿತು. ಕೆರೆ ತುಂಬಿದರೆ ಹತ್ತಿರದ ತೆರೆದ ಬಾವಿಯ ನೀರು ಎಷ್ಟು ಮೇಲೇರುತ್ತದೆ, ಬೇಸಿಗೆಗೆ ಎಷ್ಟು ಇಳಿಯುತ್ತದೆ? ಇದನ್ನು ತಿಂಗಳಿಗೊಮ್ಮೆ ಬರೆದಿಡಲು ಬೇಕಾದದ್ದು ಗಂಟು ಹಾಕಿದ ಹಗ್ಗ, ಅದರ ತುದಿಗೊಂದು ಕಲ್ಲು, ನೋಟ್‌ಬುಕ್ಕು, ಜೊತೆಗೆ ಬಾವಿಕಟ್ಟೆಯ ಬಳಿ ಕಣ್ಣಿಟ್ಟು ನಿಲ್ಲುವ ಒಬ್ಬರು ಮೇಷ್ಟ್ರು.